ಯಾರ ಪೈಕಿ?

ಕಂಬಳಿಯನ್ನು ಬಿಸಿಲಿಗೆ ಹಾಕಿದೆ ನೋಡಿ, ಮನೆಯೆಲ್ಲ ಕುರಿಯ ವಾಸನೆ. ಅಟ್ಟದ ಮೇಲಿನ ತಗಡಿನ ಟ್ರಂಕಿನಲ್ಲಿ, ನುಸಿ ಹಿಡಿಯದಂತೆ ಇಟ್ಟ ಡಾಂಬರು ಗುಳಿಗೆಗಳ ನಡುವೆ, ಎಷ್ಟೋ ವರ್ಷಗಳಿಂದ ಮಲಗಿದ್ದ ಕರಿ ಕಂಬಳಿ ಇದು. ಗುಳಿಗೆಗಳು ಕರಗಿ ಗಾಳಿಯಾಗಿವೆ, ಕುರಿ ಮಾತ್ರ ಹೋಗಿಲ್ಲ. ಮೂಗಿನ ಹತ್ತಿರ ಒಯ್ದರೆ ಉಣ್ಣೆಯ ಹಿಂದೆ ಇನ್ನೊಂದು ವಾಸನೆಯಿದೆ, ಅರಿಸಿನದ್ದು. ಅದು ನಿಜಕ್ಕೂ ಕಂಬಳಿಯಲ್ಲಿದೆಯೋ ನನ್ನ ತಲೆಯೊಳಗಿಂದ ಬರುತ್ತಿದೆಯೋ ಹೇಳಲಾರೆ. ಒಳಗಿನಿಂದ ಮಗಳು, "ಆಯೀ, ಕಸಲಾ ವಾಸ ಹಾ?" ಎಂದು ಮರಾಠಿಯಲ್ಲಿ ಕೂಗಿದಳು. ಇದೆಂಥ ವಾಸನೆ ಎಂದು ಕೇಳಿದರೆ ಒಂದು ಮಾತಿನಲ್ಲಿ ಏನು ಹೇಳಲಿ? ಹನ್ನೂರಿನದು ಎಂದೆ. ಅವಳು ಕಿಟಕಿ ಮುಚ್ಚಿಕೊಂಡಳು.

ಮೊನ್ನೆ ಹನ್ನೂರಿನಿಂದ ಕಾಶೀಬಾಯಿಯ ಫೋನು ಬಂದಿತ್ತು. ಅವಳ ಮಗಳು ರತ್ನಾ ಹಡೆದಿದ್ದಾಳೆ, ಹೆಣ್ಣು ಕೂಸು, ಬರುವ ರವಿವಾರ ತೊಟ್ಟಿಲಿಗೆ ಹಾಕುತ್ತಾರೆ. ನೀವು ಬರಲೇಬೇಕು, ಬರುವಾಗ ಆ ಕಂಬಳಿ ತರಬೇಕು ಎಂದಳು. ಕಂಬಳಿ ಯಾಕೆಂದು ನಾನು ಕೇಳುವುದರೊಳಗೆ ಫೋನಿನಲ್ಲಿ ಕೂಸು ಅಳತೊಡಗಿತು, ಅಜ್ಜಿಯಾದವಳು ಫೋನಿಟ್ಟು ಓಡಿದಳು. ಹಾಗಾಗಿ ಈ ಕಂಬಳಿ ಅಟ್ಟದಿಂದ ಇಳಿಯಿತು. ಅದರ ಜೊತೆಗೆ ಯಾರುಯಾರೋ ಇಳಿದು ಬಂದರು. ನೀವೂ ಹೀಗೆ ಬಂದು ನೆರಳಿನಲ್ಲಿ ಕೂಡಿ, ಹೇಳುತ್ತೇನೆ. ಬಿಸಿಲು ಕಂಬಳಿಯ ಕೆಲಸ ಮಾಡಿ ಮುಗಿಸುವವರೆಗೆ ನಮಗೂ ಬೇರೆ ಕೆಲಸವಿಲ್ಲ.

ನಮ್ಮ ಕಡೆಯವರಿಗೆ ಒಂದು ಚಟ ಇದೆ. ಬಸ್ಸಿನಲ್ಲಿ ಪಕ್ಕ ಕೂತವರನ್ನು ಯಾವೂರು, ಯಾರ ಪೈಕಿ ಎಂದು ಕೇಳದಿದ್ದರೆ ನಮಗೆ ಉಂಡದ್ದು ಕರಗುವುದಿಲ್ಲ. ಊರು ಹೇಳಿದರೆ ಮನೆತನ ಕೇಳುತ್ತೇವೆ, ಮನೆತನ ಹೇಳಿದರೆ ಸೋದರಮಾವನನ್ನು ಹಿಡಿಯುತ್ತೇವೆ, ಕಂಡಕ್ಟರ್ ಟಿಕೀಟು ಹರಿದು ಕೊಡುವುದರೊಳಗೆ ಎಲ್ಲೋ ಒಂದು ಕಡೆ ಬೀಗರಾಗಿಬಿಟ್ಟಿರುತ್ತೇವೆ. ನನಗಂತೂ ಈ ಚಟ ತುಸು ಜಾಸ್ತಿಯೇ. ನಮ್ಮ ಕಾಕೂ, ಅಂದರೆ ಕಾಕಾನ ಹೆಂಡತಿ, ನನ್ನನ್ನು ಕಂಡಾಗಲೆಲ್ಲ ಇವಳನ್ನು ಜನಗಣತಿಗೆ ಹಾಕಬೇಕಿತ್ತು, ಸಾಲೆಗೆ ಯಾಕೆ ಹಾಕಿದರೋ ಎನ್ನುತ್ತಿದ್ದಳು.

ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ನಾನು ಅಕ್ಕಲಕೋಟದ ಒಂದು ಕನ್ನಡ ಸಾಲೆಯಲ್ಲಿ ಪಾಠ ಹೇಳುತ್ತ ಅಲ್ಲಿಯೇ ಕೋಣೆ ಮಾಡಿಕೊಂಡಿದ್ದೆ. ಶನಿವಾರ ಮುಂಜಾನೆಯ ಸಾಲೆ ಬಿಟ್ಟೊಡನೆ ಸೊಲ್ಲಾಪುರದ ಬಸ್ಸು ಹಿಡಿದು ಕಾಕಾನ ಮನೆಗೆ ಹೋಗುವುದು ವಾಡಿಕೆ. ಅಂಥ ಒಂದು ಶನಿವಾರ, ಕಿಟಕಿಯ ಬದಿಗೆ, ತೊಡೆಯ ಮೇಲೆ ಎಳೆ ಮಗಳನ್ನು ಮಲಗಿಸಿಕೊಂಡ ಒಬ್ಬ ಹೆಂಗಸು ಕೂತಿದ್ದಳು. ನಾನು ಚೀಲ ಇಡುತ್ತಲೇ ಶುರು ಮಾಡಿದೆ. ತವರು ತಡವಳ, ಕೊಟ್ಟದ್ದು ಹನ್ನೂರಿಗೆ ಎಂದಳು. ಹನ್ನೂರಾಗ ಯಾರ ಪೈಕಿ ಎಂದೆ. ಅವಳು ಹೊರಗೆ ನೋಡಿದಳು. ಜೋಳದ ಹೊಲಗಳು ಒಂದರ ಹಿಂದೊಂದು ಹೋದವು.

"ಸದ್ಯಾಕ ಯಾರ ಪೈಕೀನೂ ಅಲ್ರಿ" ಎಂದಳು.

ನನ್ನ ಇಷ್ಟು ವರ್ಷಗಳ ವಿಚಾರಣೆಯಲ್ಲಿ ಇಂಥ ಉತ್ತರ ಕೇಳಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವಳೇ ಹೇಳತೊಡಗಿದಳು, ಬೇರೆ ಯಾವುದೋ ಹೆಂಗಸಿನ ಕಥೆ ಹೇಳುವಂತೆ. ಗಂಡ ಟ್ರಕ್ಕು ಓಡಿಸುತ್ತಿದ್ದ. ದೀಪಾವಳಿಯ ಹಿಂದೆಮುಂದೆ ತೀರಿಹೋದ. ಯಾವ ಬೇನೆಯೆಂದು ಆಸ್ಪತ್ರೆಯಲ್ಲಿ ಹೇಳಿದಾಗ ಇವಳ ರಕ್ತವನ್ನೂ ನೋಡಿದರು, ಇವಳಲ್ಲಿಯೂ ಇತ್ತು. ದೇವರು ದೊಡ್ಡವನು, ಕೂಸಿನ ರಕ್ತದಲ್ಲಿ ಏನೂ ಇರಲಿಲ್ಲ. ಹನ್ನೂರಿನ ಮನೆಯಲ್ಲಿ ಮಾತು ಬೇರೆಯಾಯಿತು. ಹೋರಿಯಂತಿದ್ದ ಮಗ ಲಗ್ನವಾದ ಮೇಲೆ ಸೊರಗಿದ, ಇವಳ ಕಾಲ್ಗುಣ, ಬೇನೆ ತಂದವಳು ಇವಳೇ ಎಂದು ಅತ್ತೆ ಅಂದಳು. ಅತ್ತೆ ಅಂದದ್ದನ್ನು ಓಣಿ ಅಂದಿತು. ಕೂಸಿನ ಸಮೇತ ಹೊರಗೆ ಹಾಕಿದರು. ತಡವಳದಲ್ಲಿ ಅಣ್ಣನ ಹೆಂಡತಿ ಬೇರೆ ತಾಟು, ಬೇರೆ ತಂಬಿಗೆ ಇಟ್ಟಿದ್ದಾಳೆ. ಬರುವ ಅಮಾಸೆಯ ಮುಂದೆ ಹನ್ನೂರಿನ ಹಿರಿಯರು ಕೂಡುತ್ತಾರೆ, ಬೇನೆ ತಂದವಳು ಇವಳೆಂದು ಅವತ್ತು ಗಟ್ಟಿಯಾದರೆ ಆ ಮನೆಯ ಬಾಗಿಲು ತಾಯಿಗೂ ಇಲ್ಲ, ಮಗಳಿಗೂ ಇಲ್ಲ.

ಇಂಥ ಮಾತು ಕೇಳಿ ಸುಮ್ಮನಿರುವುದು ಜಾಣರ ಲಕ್ಷಣ. ನಾನು ಆ ಪೈಕಿ ಅಲ್ಲ. ನಮ್ಮ ಕಾಕಾ ಮಾಡುವುದೂ ಇದೇ ಕೆಲಸ, ಈ ಬೇನೆ ಎಲ್ಲಿಂದ ಹೊರಟು ಎಲ್ಲಿಗೆ ಬಂತು ಎಂದು ಓದಿ ಹೇಳುತ್ತಾರೆ ಎಂದುಬಿಟ್ಟೆ. ಅವಳು ಮೊದಲ ಸಲ ಪೂರ್ತಿ ನನ್ನ ಕಡೆ ತಿರುಗಿದಳು. ಅವಳ ಹೆಸರು ಕಾಶೀಬಾಯಿ ಎಂದು ನನಗೆ ಗೊತ್ತಾದದ್ದು ಆಮೇಲೆಯೇ.

ಕಾಕಾ ಸೊಲ್ಲಾಪುರದ ಒಂದು ವೈದ್ಯಕೀಯ ಕಾಲೇಜಿನಲ್ಲಿ ಸೂಕ್ಷ್ಮಜೀವಿಗಳ ಪಾಠ ಹೇಳುತ್ತಿದ್ದ. ಕುಳ್ಳ ಮನುಷ್ಯ, ಮೈಯೆಲ್ಲ ಸ್ಪಿರಿಟಿನ ವಾಸನೆ, ಅಂಗಿಯ ಜೇಬಿನಲ್ಲಿ ಬಣ್ಣದ ಪೆನ್ಸಿಲು. ಚಹಕ್ಕೆ ಉಪ್ಪು ಹಾಕಿಕೊಂಡು ಕುಡಿದು, ಇಂದಿನ ಹಾಲು ಒಡೆದಿತ್ತೇನು ಎಂದು ಕೇಳುವ ಪೈಕಿ. ಆ ಕಾಲದಲ್ಲಿ ಆಸ್ಪತ್ರೆಗೆ ಬಂದ ಈ ಬೇನೆಯವರ ರಕ್ತದ ಕೊಳವೆಗಳು, ಹೆಸರಿಲ್ಲದೆ ಬರೀ ನಂಬರು ಹೊತ್ತು, ಬರ್ಫದ ಡಬ್ಬಿಯಲ್ಲಿ ಪುಣೆಗೆ ಹೋಗುತ್ತಿದ್ದವು. ಅಲ್ಲಿನ ಪ್ರಯೋಗಶಾಲೆಯಲ್ಲಿ ಕಾಕಾನ ಹಳೆಯ ಗೆಳೆಯನೊಬ್ಬನಿದ್ದ. ವೈರಸ್ಸಿನ ಒಳಗಿನ ಬರಹವನ್ನು ಅಕ್ಷರಕ್ಕೆ ಅಕ್ಷರ ಓದಿ, ದೇಶದೇಶದ ವೈರಸ್ಸುಗಳ ಜೊತೆ ಹೋಲಿಸಿ, ಅವನು ಒಂದು ಉದ್ದ ಕಾಗದ ಕಳಿಸುತ್ತಿದ್ದ. ಅದರಲ್ಲಿ ಒಂದು ಮರ. ನಿಂತ ಮರವಲ್ಲ, ಎಡಕ್ಕೆ ಬುಡ, ಬಲಕ್ಕೆ ಎಲೆ, ಮಲಗಿದ ಮರ. ಕಾಕಾ ಅದನ್ನು ಪಡಸಾಲೆಯ ಗೋಡೆಗೆ ಕ್ಯಾಲೆಂಡರಿನ ಪಕ್ಕದಲ್ಲಿ ಹಚ್ಚಿ ಟೊಂಗೆಟೊಂಗೆಗೆ ಬೇರೆ ಬೇರೆ ಬಣ್ಣ ಬಳಿದಿದ್ದ. ಕಾಕೂಗೆ ಅದು ಒಣಗಿದ ತೊಗರಿ ಕಟ್ಟಿಗೆಯಂತೆ ಕಾಣುತ್ತಿತ್ತು, ಬಂದವರಿಗೆಲ್ಲ ಹಾಗೆಯೇ ಹೇಳುತ್ತಿದ್ದಳು.

ಕಾಕಾನಿಗೆ ಆ ಮರದ ಮುಂದೆ ಕೂತರೆ ಹೊತ್ತು ಹೋದದ್ದು ತಿಳಿಯುತ್ತಿರಲಿಲ್ಲ. ಮಧ್ಯಾಹ್ನ ಫ್ಯಾನು ಗರಗರ ತಿರುಗುತ್ತಿರುವಾಗ, ಕಾಗದ ಗೋಡೆಯ ಮೇಲೆ ಅಲುಗಾಡುತ್ತಿರುವಾಗ, ನಾನು ಮಂಚದ ಮೇಲೆ ಅರ್ಧ ನಿದ್ದೆಯಲ್ಲಿ ಅವನ ಮಾತು ಕೇಳುತ್ತಿದ್ದೆ. ವೈರಸ್ಸು ತನ್ನನ್ನು ತಾನೇ ನಕಲು ಮಾಡಿಕೊಳ್ಳುತ್ತದೆ, ನಕಲು ಮಾಡುವಾಗ ತಪ್ಪು ಮಾಡುತ್ತದೆ, ಮುಂದಿನ ನಕಲು ಆ ತಪ್ಪನ್ನೂ ನಕಲು ಮಾಡುತ್ತದೆ. ಒಂದೇ ತಪ್ಪು ಇಬ್ಬರಲ್ಲಿ ಕಂಡರೆ ಅವರಿಬ್ಬರಿಗೂ ಒಂದೇ ಹಿರಿಯ ಎಂದು ತಿಳಿಯಬೇಕು. ಹೀಗೆ ತಪ್ಪುಗಳನ್ನು ಹಿಡಿದುಕೊಂಡು ಹಿಂದಕ್ಕೆ ಹಿಂದಕ್ಕೆ ಹೋದರೆ ಬುಡ ಸಿಗುತ್ತದೆ.

ಇದು ನನ್ನ ತಲೆಗೆ ಹೋಗಲಿಲ್ಲವೆಂದು ಅವನು ಹೋಳಿಗೆ ತಂದ. ತಿನ್ನಲಿಕ್ಕಲ್ಲ, ಉದಾಹರಣೆಗೆ. ನಮ್ಮಜ್ಜಿ ಒಂದು ಹಬ್ಬದ ದಿನ ಶೇಂಗಾ ಹೋಳಿಗೆಯ ಹೂರಣಕ್ಕೆ ಏಲಕ್ಕಿಯೆಂದು ತಿಳಿದು ಬಡೇಸೋಪು ಕುಟ್ಟಿ ಹಾಕಿದಳಂತೆ. ತಪ್ಪಾಯಿತೆಂದು ಒಪ್ಪಿಕೊಳ್ಳುವ ಹೆಂಗಸಲ್ಲ ಆಕೆ, ನಮ್ಮ ಮನೆತನದ ಪದ್ಧತಿಯೇ ಹೀಗೆ ಎಂದುಬಿಟ್ಟಳು. ತಂಗಿ, ಹೆಣ್ಣುಮಕ್ಕಳು, ಸೊಸೆಯಂದಿರು ಎಲ್ಲರೂ ಅದನ್ನೇ ಕಲಿತರು. ಒಮ್ಮೆ ಅಕ್ಕಲಕೋಟದ ಒಂದು ಮದುವೆಯಲ್ಲಿ ಕಾಕಾ ಹೋಳಿಗೆ ಮುರಿದು ಬಾಯಿಗಿಟ್ಟವನು ಹಾಗೇ ನಿಂತ. ಈ ಮನೆಗೆ ನಮ್ಮವರು ಯಾರೋ ಸೊಸೆಯಾಗಿ ಬಂದಿದ್ದಾರೆ ಎಂದ. ವಿಚಾರಿಸಿದರೆ ಹೌದು, ಅಜ್ಜಿಯ ತಂಗಿಯ ಮೊಮ್ಮಗಳು. ಅವತ್ತಿನಿಂದ ಆ ಹೋಳಿಗೆ ಕಾಕಾನ ಪಾಠದಲ್ಲಿ ಸೇರಿಕೊಂಡಿತು. ಆದರೆ ಕಥೆ ಮುಗಿಸುವಾಗ ಅವನು ಬೆರಳೆತ್ತಿ ಒಂದು ಮಾತು ಹೇಳದೆ ಬಿಡುತ್ತಿರಲಿಲ್ಲ.

"ಹೋಳಿಗಿ ತಿಂದು ಇಬ್ಬರೂ ಒಂದ ಮನಿತನದವರು ಅಂತ ಹೇಳಬಹುದು. ಯಾರು ಯಾರಿಗೆ ಕಲಿಸಿದ್ರು ಅಂತ ಹೇಳಾಕ ಆಗಂಗಿಲ್ಲ."

ನದೀ ಮೂಲ, ಋಷಿ ಮೂಲ ಹುಡುಕಬಾರದು ಎನ್ನುತ್ತಾರೆ. ಅಕ್ಕಲಕೋಟವಂತೂ ಎಲ್ಲಿಂದ ಬಂದರೆಂದು ಯಾರಿಗೂ ತಿಳಿಯದ ಒಬ್ಬ ಸಂತ ಮಹಾರಾಜರ ಪುಣ್ಯದಿಂದ ಬದುಕುವ ಊರು. ಅಲ್ಲಿ ಆಲದ ನೆರಳಿನಲ್ಲಿ ಕೂತ ಭಕ್ತರಿಗೆ ಆ ಮಾತು ಸರಿಯಾಗಿಯೇ ಕಾಣುತ್ತದೆ. ಕಾಕಾನಿಗೆ ಮಾತ್ರ ಅದು ಹಿಡಿಸುತ್ತಿರಲಿಲ್ಲ. ಬೇನೆಯ ಮೂಲವನ್ನು ಹುಡುಕಲೇಬೇಕು, ಇಲ್ಲದಿದ್ದರೆ ಅದು ನಾಳೆ ಎತ್ತ ಹೊರಳುತ್ತದೆಂದು ತಿಳಿಯುವುದಿಲ್ಲ ಎನ್ನುತ್ತಿದ್ದ. ಅವನಿಗೆ ಒಂದೇ ಸಿಟ್ಟು. ಜನ ಮೂಲ ಹುಡುಕುವುದು ತಿಳಿಯಲಿಕ್ಕಲ್ಲ, ಬೈಯಲಿಕ್ಕೆ. ಒಂದು ದೇಶದವರು ಇನ್ನೊಂದು ದೇಶವನ್ನು ಬೈದರು, ಪಟ್ಟಣದವರು ಟ್ರಕ್ಕಿನವರನ್ನು ಬೈದರು, ಟ್ರಕ್ಕಿನವರು ಹೆಂಗಸರನ್ನು ಬೈದರು. ಬೈಯುವುದೂ ನಕಲಾಗುತ್ತ ಹೋಗುತ್ತದೆ, ಅದರ ಮರ ಯಾರೂ ಬರೆದಿಲ್ಲ ಎನ್ನುತ್ತಿದ್ದ.

ಮುಂದಿನ ರವಿವಾರ ಕಾಶೀಬಾಯಿ ಕೂಸನ್ನು ಕಂಕುಳಲ್ಲಿಟ್ಟುಕೊಂಡು ಕಾಕಾನ ಮನೆಗೆ ಬಂದಳು. ಬಾಗಿಲಲ್ಲೇ ನಿಂತವಳನ್ನು ಕಾಕೂ ಒಳಗೆ ಕರೆದು, ನಾವೆಲ್ಲ ತಿನ್ನುವ ತಾಟಿನಲ್ಲಿಯೇ ಹೋಳಿಗೆ ಹಾಕಿಕೊಟ್ಟಳು. ಅವಳು ಹೋಳಿಗೆ ಮುಟ್ಟದೆ ಗೋಡೆಯ ಮರವನ್ನು ತುಂಬ ಹೊತ್ತು ನೋಡಿದಳು. ಇದರಲ್ಲಿ ನಮ್ಮ ಹನ್ನೂರ ಎಲ್ಲಿದೆ ಎಂದು ಕೇಳಿದಳು. ಕಾಕಾ ಬಲತುದಿಯ ಒಂದು ಹಸಿರು ಗೊಂಚಲು ತೋರಿಸಿದ. ಊರ ಹೆಸರಿಲ್ಲ, ಆದರೆ ನಮ್ಮ ಸೀಮೆಯದೆಲ್ಲ ಇಲ್ಲಿಯೇ ಬರುತ್ತದೆ ಎಂದ. ಹಾಗಾದರೆ ಮೊದಲು ಯಾರಿಗೆ ಬಂತು, ಅವರಿಗೋ ನನಗೋ, ಇದರಲ್ಲಿ ನೋಡಿ ಹೇಳಿ ಎಂದಳು ಅವಳು.

ಕಾಕಾ ಪೆನ್ಸಿಲು ತಿರುವುತ್ತ ಕೂತ. ಆಮೇಲೆ ಇದ್ದದ್ದನ್ನು ಇದ್ದಂತೆ ಹೇಳಿದ. ನಿನ್ನ ಗಂಡನ ರಕ್ತ ಯಾರೂ ತೆಗೆದಿಟ್ಟಿಲ್ಲ. ಇಟ್ಟಿದ್ದರೂ ನೀವಿಬ್ಬರೂ ಒಂದೇ ಕಡ್ಡಿಯ ಎರಡು ಎಲೆಯಾಗಿ ಕಾಣುತ್ತಿದ್ದಿರಿ, ಯಾವ ಎಲೆ ಮೊದಲು ಚಿಗುರಿತೆಂದು ಮರ ಹೇಳುವುದಿಲ್ಲ. ನನ್ನಿಂದ ಆಗದ ಮಾತು ತಾಯಿ ಎಂದ. ಕಾಶೀಬಾಯಿ ಅಳಲಿಲ್ಲ. ಸೆರಗು ಸರಿ ಮಾಡಿಕೊಂಡಳು.

"ಹೇಳಾಕ ಆಗಂಗಿಲ್ಲ ಅನ್ನೂದನ್ನಾರ ಅಲ್ಲಿ ಬಂದು ಹೇಳ್ರಿ, ಸಾಹೇಬ್ರ. ಅವರೆಲ್ಲಾ ಹೇಳಾಕ ಆಗತೈತಿ ಅಂತ ತಿಳಕೊಂಡ ನನ್ನ ಹೊರಗ ಹಾಕ್ಯಾರ."

ಕಾಕಾ ಅವಳನ್ನೇ ನೋಡುತ್ತಿದ್ದ, ಬಹಳ ಒಳ್ಳೆಯ ಪ್ರಶ್ನೆ ಕೇಳಿದ ವಿದ್ಯಾರ್ಥಿಯನ್ನು ನೋಡುವಂತೆ. ಆದರೂ ಅವನಿಗೆ ಅಂಜಿಕೆಯಿತ್ತು. ಗೊತ್ತಿಲ್ಲ ಎಂದರೆ ಜನ ಅದನ್ನು ತಮಗೆ ಬೇಕಾದಂತೆ ಕೇಳಿಸಿಕೊಳ್ಳುತ್ತಾರೆ, ಇವಳಿಗೆ ಇನ್ನಷ್ಟು ಕೇಡಾದರೆ ಏನು ಗತಿ ಎಂದ. ಕಾಕೂ ಒಳಗಿನಿಂದಲೇ, ಹೋಗಿ ಬನ್ನಿ, ತೊಗರಿ ಕಟ್ಟಿಗೆ ಗೋಡೆಗೆ ತೂಗುಹಾಕಿದರೆ ಯಾರ ಒಲೆ ಉರಿಯುತ್ತದೆ ಎಂದಳು. ಕಾಕೂನ ಮಾತಿಗೆ ಆ ಮನೆಯಲ್ಲಿ ಎದುರಾಡುವ ಪದ್ಧತಿ ಇರಲಿಲ್ಲ.

ಹೋದೆವು. ಹಿರಿಯರು ಕೂಡುವ ದಿನ ನಾನು, ಕಾಕಾ ಇಬ್ಬರೂ ಅಕ್ಕಲಕೋಟದಲ್ಲಿ ಬಸ್ಸು ಬದಲಿಸಿದೆವು. ಮಾಗಿ ಮುಗಿದು ಬಿಸಿಲು ಇನ್ನೂ ಬಲಿಯದ ದಿನ, ಗಾಳಿಯಲ್ಲಿ ಕುಸುಬೆಯ ಘಾಟು. ಮುಂದಿನ ಸೀಟಿನಲ್ಲಿ ಕುರನೂರದ ಒಬ್ಬ ರೈತ ಧರಣದ, ಅಂದರೆ ಅಣೆಕಟ್ಟಿನ, ನೀರು ಈ ಸಲ ಎಷ್ಟಿದೆಯೆಂದು ಯಾರಿಗೋ ಹೇಳುತ್ತಿದ್ದ. ಕಾಕಾ ಅವನ ಭುಜ ತಟ್ಟಿ ಬೋರಿ ನದಿ ಹುಟ್ಟುವುದೆಲ್ಲಿ ಎಂದು ಕೇಳಿದ. ಎಲ್ಲಿ ಹುಟ್ಟಿದರೇನು, ಬಂದು ಮುಟ್ಟುವುದು ನಮ್ಮ ಕುರನೂರಕ್ಕೆ ಎಂದ ಆ ಮನುಷ್ಯ. ಕಾಕಾ ಹಿಂದಕ್ಕೆ ಒರಗಿ ಕಣ್ಣು ಮುಚ್ಚಿದ. ಅವನು ನಿದ್ದೆ ಮಾಡಲಿಲ್ಲ ಎಂದು ನನಗೆ ಗೊತ್ತು, ತುಟಿ ಅಲುಗುತ್ತಿತ್ತು.

ಹನ್ನೂರಿನಲ್ಲಿ ಕಾಶೀಬಾಯಿಯ ಗಂಡನ ಮನೆಯ ಬದಿಗೇ ಬೀರೋಬಾನ ಸಣ್ಣ ಗುಡಿ. ಗುಡಿಯ ಮುಂದಿನ ಬೇವಿನ ನೆರಳಿನಲ್ಲಿ ಕರಿ ಕಂಬಳಿ ಹಾಸಿ, ಹಿತ್ತಾಳೆ ತಾಟಿನಲ್ಲಿ ಭಂಡಾರ, ಅಂದರೆ ದೇವರ ಅರಿಸಿನ ಪುಡಿ, ಇಟ್ಟಿದ್ದರು. ಕಂಬಳಿಯ ನಡುವೆ ಸತ್ತವನ ದೊಡ್ಡಪ್ಪ ಸಿದ್ದಪ್ಪ. ಊರ ಡೊಳ್ಳಿನ ಮೇಳಕ್ಕೆ ಅವನೇ ಹಿರಿಯ, ದೇವರ ಕಥೆ ಹಾಡುವವನು. ಕಂಬಳಿಯ ಒಂದು ಅಂಚಿನಲ್ಲಿ ಅತ್ತೆ ಮಾಳವ್ವ ಉಣ್ಣೆ ನೂಲುತ್ತ ಕೂತಿದ್ದಳು. ಒಣಗಿದ ಮೈ, ತುಟಿ ಬಿಗಿದ ಮುಖ, ನಮ್ಮನ್ನು ತಲೆಯೆತ್ತಿ ನೋಡಲಿಲ್ಲ. ಕಾಶೀಬಾಯಿ ದೂರದಲ್ಲಿ, ಮಗಳ ಕೈ ಹಿಡಿದು, ಗೋಡೆಗೆ ಒತ್ತಿ ನಿಂತಿದ್ದಳು. ಅವಳಿಗೆ ಯಾರೂ ಕೂಡು ಎನ್ನಲಿಲ್ಲ.

ಸಿದ್ದಪ್ಪ ಒಂದು ಹಿಡಿ ಭಂಡಾರ ಕಾಕಾನ ಅಂಗೈಗೆ ಹಾಕಿದ.

"ಇದು ಕೈಯಾಗ ಇದ್ದಾಗ ಸುಳ್ಳ ನುಡಿಯಂಗಿಲ್ರಿ, ಸಾಹೇಬ್ರ. ಮೂಲದಿಂದ ಹೇಳ್ರಿ."

ಮೂಲದಿಂದ ಎಂದರೆ ಮೊದಲು ಗಂಡನಿಗೆ ಬಂತೋ ಹೆಂಡತಿಗೆ ಬಂತೋ ಎನ್ನುವಲ್ಲಿಂದ ಎಂದು ನಾನು ತಿಳಿದಿದ್ದೆ. ಎರಡು ಮಾತು ಹೇಳಿ ಚಹ ಕುಡಿದು ಕೊನೆಯ ಬಸ್ಸು ಹಿಡಿಯಬಹುದು ಎಂದುಕೊಂಡಿದ್ದೆ. ಆದರೆ ಮೂಲ ಎಂಬ ಶಬ್ದ ಕೇಳಿದ್ದೇ ತಡ, ನಮ್ಮ ಕಾಕಾನ ಮುಖ ಅರಳಿತು. ಅವನು ಪದ್ಮಾಸನ ಹಾಕಿ ಕೂತು, ಭಂಡಾರದ ಮುಷ್ಟಿಯನ್ನು ಎದೆಗೆ ಹಿಡಿದು, ಆಫ್ರಿಕಾದ ಕಾಡಿನಿಂದ ಶುರು ಮಾಡಿದ. ನನಗೆ ನೆಲ ಬಾಯಿ ಬಿಡಬಾರದೇ ಎನಿಸಿತು. ಆದರೆ ಅಲ್ಲಿ ಯಾರೂ ನಗಲಿಲ್ಲ. ಭೂಮಿ ಹುಟ್ಟಿದಲ್ಲಿಂದ ಎತ್ತಿಕೊಳ್ಳದೆ ದೇವರ ಕಥೆ ಹೇಳದ ಜನ ಅವರು. ಸಿದ್ದಪ್ಪ ತಲೆದೂಗಿ ಮುಂದಕ್ಕೆ ಬಾಗಿದ, ಇದು ಸರಿಯಾದ ಎತ್ತುಗಡೆ ಎನ್ನುವವನಂತೆ.

ಇಂದಿಗೂ ಕಣ್ಣು ಮುಚ್ಚಿದರೆ ಆ ಮಧ್ಯಾಹ್ನ ಬರುತ್ತದೆ. ಬೇವಿನ ನೆರಳು ಕಂಬಳಿಯ ಮೇಲೆ ನಿಧಾನ ಸರಿಯುತ್ತಿದೆ. ಕಾಕಾ ಹೇಳುತ್ತಿದ್ದಾನೆ. ಬಿಸಿಲು ನೆಲ ಮುಟ್ಟದಂಥ ಒಂದು ಕಾಡು. ಅಲ್ಲಿ ಮನುಷ್ಯನಂಥದೇ ದೊಡ್ಡ ಮಂಗ, ಚಿಂಪಾಂಜಿ, ಅದರ ಮೈಯಲ್ಲಿ ಈ ವೈರಸ್ಸಿನ ಹಿರಿಯ, ಸುಮ್ಮನೆ, ಎಷ್ಟೋ ತಲೆಮಾರಿನಿಂದ. ಹೊಟ್ಟೆಪಾಡಿಗೆ ಬೇಟೆಯಾಡುವ ಒಬ್ಬ ಮನುಷ್ಯ. ಮಾಂಸ ಕೊಯ್ಯುವಾಗ ಅವನ ಕೈಗೆ ಒಂದು ಗಾಯ, ಮಂಗನ ರಕ್ತ ಆ ಗಾಯದೊಳಗೆ. ಹಾಗೆ ಆಗಿರಬೇಕು ಎಂದು ಬಲ್ಲವರ ಅಂದಾಜು ಎಂದು ಕಾಕಾ ಸೇರಿಸಿದ, ಭಂಡಾರ ಕೈಯಲ್ಲಿತ್ತಲ್ಲ. ಅವನ ಹೆಸರು ಯಾರಿಗೂ ಗೊತ್ತಿಲ್ಲ. ಅವನು ಯಾವ ತಪ್ಪೂ ಮಾಡಲಿಲ್ಲ, ಹಸಿದಿದ್ದ ಅಷ್ಟೇ. ಆಮೇಲೆ ಒಂದು ದೊಡ್ಡ ಹೊಳೆ, ಹೊಳೆಯ ಮೇಲೆ ದೋಣಿ, ಹೊಳೆಯ ದಂಡೆಗೆ ಬೆಳೆಯುವ ಪಟ್ಟಣ. ಕೂಲಿಗೆ ಬಂದ ಗಂಡಸರು, ಒಂಟಿ ಕೋಣೆಗಳು, ಒಂದೇ ಸೂಜಿಯಲ್ಲಿ ಹತ್ತಾರು ಜನರಿಗೆ ಚುಚ್ಚುವ ದವಾಖಾನೆಗಳು. ವೈರಸ್ಸು ನಕಲಾಗುತ್ತದೆ, ತಪ್ಪುತ್ತದೆ, ಟೊಂಗೆ ಒಡೆಯುತ್ತದೆ. ಒಂದು ಟೊಂಗೆ ದಕ್ಷಿಣಕ್ಕೆ ಇಳಿಯುತ್ತದೆ, ಗಣಿಗಳ ಕಡೆ. ಆ ಟೊಂಗೆಯದೇ ಒಂದು ಚಿಗುರು ಹೇಗೋ ಸಮುದ್ರ ದಾಟಿ ನಮ್ಮ ದೇಶಕ್ಕೆ ಬರುತ್ತದೆ. ನಮ್ಮಲ್ಲಿರುವುದು ಅವರದಕ್ಕೆ ತೀರ ಹತ್ತಿರದ ನೆಂಟ, ತಪ್ಪುಗಳು ಹಾಗೆ ಹೇಳುತ್ತವೆ.

ನಡುವೆ ಯಾರೋ, ಮಂಗನಿಗೆ ಏನೂ ಆಗಲಿಲ್ಲವೇ ಎಂದು ಕೇಳಿದರು. ಅದಕ್ಕೆ ರೂಢಿಯಾಗಿ ಹೋಗಿರಬೇಕು, ಹೆಚ್ಚು ತ್ರಾಸು ಕೊಟ್ಟಂತೆ ಕಾಣುವುದಿಲ್ಲ ಎಂದ ಕಾಕಾ. ಕುರಿಗಳಿಗೂ ಹೀಗೇ ಆಗುತ್ತದೆ ಎಂದು ಒಬ್ಬ ಮುದುಕ ಒಪ್ಪಿಕೊಂಡ. ಆ ಬೇಟೆಗಾರನ ಬಗ್ಗೆ ಒಬ್ಬರೂ ಕೆಟ್ಟ ಮಾತು ಆಡಲಿಲ್ಲ. ಸೊಲ್ಲಾಪುರದ ತರಗತಿಯಲ್ಲಿ ಇದೇ ಪಾಠಕ್ಕೆ ಹುಡುಗರು ತೂಕಡಿಸುತ್ತಿದ್ದರಂತೆ. ಇಲ್ಲಿ ಕೆಮ್ಮು ಬಂದವರು ಎದ್ದು ದೂರ ಹೋಗಿ ಕೆಮ್ಮಿ ಬಂದರು.

ಕಾಕಾ ಮುಂಬಯಿಗೆ ಬಂದ, ಹೆದ್ದಾರಿ ಹಿಡಿದ, ಘಾಟು ಹತ್ತಿದ, ಢಾಬಾಗಳ ದೀಪ ದಾಟಿ ಸೊಲ್ಲಾಪುರ ನಾಕಾಕ್ಕೆ ಬಂದ, ಅಕ್ಕಲಕೋಟದ ರಸ್ತೆಗೆ ಹೊರಳಿದ. ಅಲ್ಲಿ ನಿಂತ.

"ಇಲ್ಲಿಂದ ಮುಂದ ನನಗ ಗೊತ್ತಿಲ್ಲ. ಗಂಡಗ ಮೊದಲು ಬಂತೋ ಹೇಣ್ತಿಗೆ ಬಂತೋ, ಹೇಳಾಕ ಯಾ ಶಾಸ್ತ್ರಕ್ಕೂ ಆಗಂಗಿಲ್ಲ. ಗೊತ್ತೈತಿ ಅಂದಾಂವ ಸುಳ್ಳ ಹೇಳತಾನ."

ಹೇಳಬೇಕಾದದ್ದನ್ನು ಹೇಳಿ ಅವನು ಏಳಹೊರಟ. ಸಿದ್ದಪ್ಪ ಕೈ ಅಡ್ಡ ಹಿಡಿದ. ಕಾಕಾನಿಗೂ ನನಗೂ ತಿಳಿಯದ ಒಂದು ಪದ್ಧತಿ ಆ ಮನೆತನದಲ್ಲಿತ್ತು. ಭಂಡಾರ ಹಿಡಿದು, ದೇವರ ಮುಂದೆ, ಮೂಲದಿಂದ ಎತ್ತಿಕೊಂಡ ಕಥೆಯನ್ನು ಅರ್ಧಕ್ಕೆ ಬಿಡುವಂತಿಲ್ಲ. ಕಥೆ ನಡೆದು ನಡೆದು ಎದುರಿಗೆ ಕೂತವರ ಹೊಸ್ತಿಲಿಗೆ ಬಂದು ಮುಟ್ಟಬೇಕು, ಮುಟ್ಟದಿದ್ದರೆ ಕೇಳಿದವರ ಹಟ್ಟಿಗೆ ಕೇಡು. ಅದಕ್ಕೇ ಅವರಲ್ಲಿ ಮುಗಿಸಲಾರದವರು ಮೂಲದಿಂದ ಎತ್ತುವುದೇ ಇಲ್ಲ, ನಡುವಿನ ಯಾವುದೋ ಪದ ಹಾಡಿ ಎದ್ದುಬಿಡುತ್ತಾರೆ. ನಮ್ಮ ಪಂಡಿತ ಎತ್ತಿಬಿಟ್ಟಿದ್ದ. ಮುಗಿಸಿರಿ ಎಂದ ಸಿದ್ದಪ್ಪ. ಬಾರದು ಎಂದ ಕಾಕಾ. ಅರ್ಧಕ್ಕೆ ಬಿಡಲಾಗದು ಎಂದ ಸಿದ್ದಪ್ಪ. ಸುಳ್ಳು ಹೇಳಲಾರೆ ಎಂದ ಕಾಕಾ. ಅರಿಸಿನ ಬೆವರಿಗೆ ಕರಗಿ ಅವನ ಮುಂಗೈ ಹಳದಿಯಾಗಿತ್ತು. ಕೆಲವರ ಕಣ್ಣು ಗೋಡೆಯ ಕಡೆಗೆ, ಕಾಶೀಬಾಯಿಯ ಕಡೆಗೆ ಹೊರಳತೊಡಗಿದವು. ಹಾಗಾದರೆ ಅವಳೇ ಮುಗಿಸಲಿ, ತಂದವಳು ಅವಳೇ ಅಲ್ಲವೇ ಎಂದು ಹಿಂದಿನಿಂದ ಒಬ್ಬ ಅಂದ. ಈ ಹೆಂಗಸನ್ನು ಉಳಿಸಲು ಬಂದು ನಾವೇ ಕೈಯಾರೆ ಕೆಡಿಸಿದೆವು ಅನಿಸಿತು.

ಆಗ ಮಾಳವ್ವ ನೂಲುವುದನ್ನು ನಿಲ್ಲಿಸಿದಳು. ಉಣ್ಣೆಯನ್ನು ಬದಿಗಿಟ್ಟು, ಕಾಕಾನ ಮುಂದೆ ಕೈ ಒಡ್ಡಿದಳು. ಏನು ಬೇಕೆಂದು ಕಾಕಾನಿಗೆ ತಿಳಿಯಲಿಲ್ಲ. ಅವಳೇ ಅವನ ಮುಷ್ಟಿ ಬಿಡಿಸಿ, ಉಳಿದ ಭಂಡಾರವನ್ನು ತನ್ನ ಅಂಗೈಗೆ ಸುರಿದುಕೊಂಡಳು.

"ಇಲ್ಲಿಂದ ಮುಂದಿಂದು ನಾ ಹೇಳತೀನಿ. ಹನ್ನೂರಿಗೆ ಇದನ್ನ ತಂದಾಂವ ನನ್ನ ಮಗ. ಲಗ್ನಕ್ಕಿಂತ ಮೊದಲ ಡಾಕ್ಟರ ನನಗ ಹೇಳಿದ್ದ. ಲಗ್ನಾ ಮಾಡಿದ್ರ ನೆಟ್ಟಗ ಆಗತಾನ ಅಂತ ಮುಚ್ಚಿಟ್ಟು, ಈ ಹುಡಿಗೀನ ತಂದಾಕಿ ನಾನು."

ಅಷ್ಟೇ. ದನಿ ಏರಲಿಲ್ಲ, ಕಣ್ಣು ಒದ್ದೆಯಾಗಲಿಲ್ಲ. ಬೇವಿನ ಎಲೆಯೊಂದು ಕಂಬಳಿಯ ಮೇಲೆ ಬಿತ್ತು, ಅದನ್ನು ಯಾರೂ ಎತ್ತಿ ಹಾಕಲಿಲ್ಲ. ಸಿದ್ದಪ್ಪ ತಲೆ ತಗ್ಗಿಸಿದ. ಕಥೆ ಮುಗಿದಿತ್ತು, ಹೊಸ್ತಿಲು ಮುಟ್ಟಿತ್ತು. ಕಾಕಾ ಬಾಯಿ ತೆರೆದುಕೊಂಡು ಆ ಮುದುಕಿಯನ್ನು ನೋಡುತ್ತಿದ್ದ. ಅವನ ಮರದಲ್ಲಿ ಟೊಂಗೆ ಒಡೆಯುವ ಜಾಗದಲ್ಲಿ ಎಂದೂ ಯಾರ ಹೆಸರೂ ಇರುವುದಿಲ್ಲ, ಅಲ್ಲಿ ಯಾರೋ ಇದ್ದಿರಬೇಕು ಎಂದು ಅಂದಾಜು ಮಾಡುತ್ತಾರೆ. ಹನ್ನೂರಿನಲ್ಲಿ ಆ ಜಾಗದಲ್ಲಿ ಕೂತವಳೊಬ್ಬಳು ಎದ್ದು ಮಾತಾಡಿದ್ದಳು.

ಮಾಳವ್ವ ಅಂಗೈಯನ್ನು ಸೆರಗಿಗೆ ಒರೆಸಿಕೊಂಡಳು. ಕಂಬಳಿಯ ಮೇಲೆ ಸ್ವಲ್ಪ ಸರಿದು, ತನ್ನ ಪಕ್ಕದ ಜಾಗವನ್ನು ತಟ್ಟಿ, ಗೋಡೆಯ ಕಡೆ ನೋಡದೆಯೇ, "ಬಾ, ಕುಂದ್ರು" ಎಂದಳು.

ಕಾಶೀಬಾಯಿ ಕೂಡಲಿಲ್ಲ. ಅದನ್ನು ನಿಮಗೆ ಹೇಳಲೇಬೇಕು, ಯಾಕೆಂದರೆ ಇಂಥ ಕಥೆಗಳಲ್ಲಿ ಕೂತುಬಿಡುತ್ತಾರೆ, ಎಲ್ಲರೂ ಅಳುತ್ತಾರೆ. ಅವಳು ಮಗಳ ಕೈ ಮಾತ್ರ ಬಿಟ್ಟಳು. ಕೂಸು ತೊಡರುಗಾಲಲ್ಲಿ ಹೋಗಿ ಅಜ್ಜಿಯ ಉಣ್ಣೆಯ ಉಂಡೆ ಹಿಡಿದು ಕೂತಿತು. ತಾಯಿ ನಿಂತೇ ಇದ್ದಳು, ಕುರಿಗಳು ಹಟ್ಟಿಗೆ ಬಂದು ಧೂಳು ಏಳುವವರೆಗೆ. ಮನೆಯ ಬಾಗಿಲು ಅವಳಿಗೆ ತೆರೆಯಿತು, ಒಳಗೆ ಹೋದಳು. ಕಂಬಳಿಯನ್ನು ಮೆಟ್ಟದೆ, ಸುತ್ತಿ ಬಳಸಿ ಹೋದಳು.

ಮೂಲದಿಂದ ಕಥೆ ಹೇಳಿದವನಿಗೆ ಕಂಬಳಿ ಹೊದಿಸಿ ಕಳಿಸುವುದೂ ಅಲ್ಲಿನ ಪದ್ಧತಿಯೇ. ಮಾಳವ್ವ ಕೆಳಗೆ ಹಾಸಿದ್ದ ಆ ಕಂಬಳಿಯನ್ನೇ ಕೊಡವಿ ಮಡಚಿ ಕಾಕಾನ ಹೆಗಲಿಗೆ ಹಾಕಿದಳು. ಕಥೆ ಮುಗಿಸಿದವಳು ನೀನು, ನನಗೆ ಯಾಕೆ ಎಂದ ಕಾಕಾ. ಎತ್ತಿದವನು ನೀನಲ್ಲವೇ, ನೀನು ಎತ್ತದಿದ್ದರೆ ನಾನು ಮುಗಿಸುತ್ತಿದ್ದೆನೇ ಎಂದಳು ಅವಳು. ಮರುದಿನ ನೋಡಿದರೆ ಗೋಡೆಯ ಮರದಲ್ಲಿ, ಹಸಿರು ಗೊಂಚಲಿನ ಒಂದು ಕವಲಿನ ಹತ್ತಿರ, ಪೆನ್ಸಿಲಿನಿಂದ ಒಂದು ಪುಟ್ಟ ಚುಕ್ಕೆ ಇಟ್ಟಿದ್ದ. ಅದು ಶಾಸ್ತ್ರದಲ್ಲಿಲ್ಲವಲ್ಲ ಎಂದೆ. ಇಲ್ಲ ಎಂದ.

ಓಣಿ ಸುಮ್ಮನಿರುತ್ತದೆಯೇ? ಕಾಶೀಬಾಯಿಗೆ ಅಂದ ಮಾತುಗಳೆಲ್ಲ ತಿರುಗಿ ಮಾಳವ್ವನ ಮೇಲೆ ಬಂದವು. ಮಗನ ಬೇನೆ ಮುಚ್ಚಿ ಇನ್ನೊಬ್ಬರ ಮಗಳ ಬಾಳು ಹಾಳು ಮಾಡಿದವಳು ಎಂದು ನೀರಿಗೆ ಹೋದಲ್ಲಿ ಅಂದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಮುದುಕಿ ಕೇಳಿಸಿಕೊಂಡು ಕೊಡ ತುಂಬಿಕೊಂಡು ಬರುತ್ತಿದ್ದಳಂತೆ. ಅತ್ತೆ ಸೊಸೆ ಬಹಳ ಕಾಲ ಒಂದೇ ಸೂರಿನಡಿ ಮಾತಿಲ್ಲದೆ ಇದ್ದರು. ಕಾಶೀಬಾಯಿಗೆ ಜ್ವರ ಬಂದಾಗ ಮಾತ್ರ ಮಾಳವ್ವ ಕುರಿ ಮಾರಿ ಸೊಲ್ಲಾಪುರಕ್ಕೆ ಕರೆತರುತ್ತಿದ್ದಳು, ಆಸ್ಪತ್ರೆಯ ಕಟ್ಟೆಯ ಮೇಲೆ ಉಣ್ಣೆ ನೂಲುತ್ತ ಕಾಯುತ್ತಿದ್ದಳು. ಆ ಮೇಲೆ ಸರಕಾರದ ಗುಳಿಗೆಗಳು ಬಂದವು, ಕಾಶೀಬಾಯಿ ಗಟ್ಟಿಯಾದಳು. ಮುದುಕಿ ಹಾಸಿಗೆ ಹಿಡಿದಾಗ ಸೊಸೆಯೇ ಎತ್ತಿ ಇಳುಹಿ ನೋಡಿಕೊಂಡಳು. ಆಗಲೂ ಅವರು ಹೆಚ್ಚು ಮಾತಾಡಿದ್ದನ್ನು ನಾನು ಕಂಡಿಲ್ಲ. ಮಾಳವ್ವ ಹೋದಳು. ಆಮೇಲೆ ನಮ್ಮ ಕಾಕಾ ಹೋದ, ಕಾಕೂ ಹೋದಳು, ಕಂಬಳಿ ನನ್ನ ಪಾಲಿಗೆ ಬಂತು. ದೊಡ್ಡವರ ವಸ್ತುವೆಂದು ನಾನು ಟ್ರಂಕಿಗೆ ಹಾಕಿ ಬೀಗ ಜಡಿದೆ.

ಈಗ ಬಿಸಿಲು ಸರಿದಿದೆ. ಕಂಬಳಿ ಬಿಸಿಯಾಗಿದೆ, ಕುರಿ ಇನ್ನೂ ಅಲ್ಲಿಯೇ ಇದೆ. ಹನ್ನೂರಿಗೆ ಫೋನು ಹಚ್ಚಿ, ಕಂಬಳಿ ಸಿದ್ಧವಾಗಿದೆ, ಆದರೆ ಇಷ್ಟು ವರ್ಷಗಳ ಮೇಲೆ ಇದು ಯಾಕೆ ಬೇಕಾಯಿತು ಎಂದು ಕೇಳಿದೆ. ಆಚೆ ಕಡೆಯಿಂದ ಕಾಶೀಬಾಯಿ ಹೇಳಿದಳು.

"ಅವತ್ತ ಕರದಾಗ ನಾ ಕೂಡಲಿಲ್ರಿ, ಅಕ್ಕೋರ. ಮೊಮ್ಮಗಳನ್ನ ತೊಡಿ ಮ್ಯಾಲ ಹಾಕ್ಕೊಂಡು ಕೂಡಬೇಕಂತ ಮಾಡೀನಿ."

ನಾನು ನನ್ನ ಹಳೆಯ ಚಟಕ್ಕೇ ಶರಣು ಹೋದೆ. ತೊಟ್ಟಿಲಿಗೆ ನನ್ನಂಥವರು ನಾಲ್ಕು ಜನ ಬರುತ್ತಾರೆ, ಕೂಸು ಯಾರ ಪೈಕಿ ಎಂದು ಕೇಳುತ್ತಾರೆ, ಏನು ಹೇಳುತ್ತೀ ಎಂದೆ. ಅವತ್ತು ಬಸ್ಸಿನಲ್ಲಿ ಹೊರಗೆ ನೋಡಿದವಳು ಈ ಸಲ ತಡ ಮಾಡಲಿಲ್ಲ.

"ಮಾಳವ್ವನ ಪೈಕಿ ಅಂತ ಹೇಳೂದ್ರಿ."